ನಲ್ಲಿಗೆ ಮೋಟಾರ್ ಹಾಕಿ ಚರಂಡಿ ನೀರು ಎಳೀತಿದ್ದೀವಾ?

ಊರಲ್ಲಿ ನಾಲ್ಕು ಮನೆಯಲ್ಲಿ ವಾಂತಿ-ಭೇದಿ ಶುರುವಾದರೆ ನಾವು ಮೊದಲು ಬೈಯುವುದು ಮದುವೆ ಮನೆ ಪಾಯಸವನ್ನು, ಇಲ್ಲವೇ ಸಂತೆಯ ಮಿರ್ಚಿಯನ್ನು. ಅದೂ ಅಲ್ಲದಿದ್ದರೆ ಬಿಸಿಲಿದೆಯಲ್ಲ! ನೀರಿನ ಮೇಲೆ ಅನುಮಾನ ಬರುವುದು ಕಡೆಗೆ.

2023ರ ಜುಲೈ ಕೊನೆಯಲ್ಲಿ ನಮ್ಮ ಜಿಲ್ಲಾ ಕೇಂದ್ರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಯಾರೋ ವಿಷ ಬೆರೆಸಿದ್ದಾರೆ ಎಂದು ಮೊದಲು ಅನುಮಾನ ಎದ್ದಿತು. ಕೊನೆಗೆ ಮಾದರಿಗಳಲ್ಲಿ ಕಾಲರಾ ರೋಗಾಣು ಸಿಕ್ಕಿದೆ ಎಂದು ವರದಿಯಾಯಿತು. ರಾಂಪುರದಿಂದ ಅದೇನು ದೂರದ ಊರಲ್ಲ.

ಕಾಲರಾ ರೋಗಾಣು ಹರಡುವುದು ರೋಗಿಯ ಮಲ ನೀರಿಗೋ ಊಟಕ್ಕೋ ಸೇರಿದಾಗ. ನಮ್ಮ ಬೀದಿಗಳಲ್ಲಿ ನೀರಿನ ಪೈಪು ಹೋಗಿರುವುದು ಚರಂಡಿ ಪಕ್ಕದಲ್ಲೇ, ಕೆಲವು ಕಡೆ ಚರಂಡಿಯೊಳಗೇ. ನೀರು ಬಿಟ್ಟಾಗ ಒತ್ತಡ ಇರುತ್ತದೆ, ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ನೀರು ನಿಂತು ಪೈಪು ಖಾಲಿಯಾದಾಗ ಅದೇ ಬಿರುಕಿನಿಂದ ಚರಂಡಿ ನೀರು ಒಳಗೆ ಬರುತ್ತದೆ. ಇದರ ಮೇಲೆ ನಾವು ನಲ್ಲಿಗೆ ನೇರವಾಗಿ ಮೋಟಾರ್ ಕಟ್ಟಿ ಎಳೆಯುತ್ತೇವೆ. ಪಕ್ಕದ ಮನೆಯವರ ಪಾಲಿನ ನೀರಿನ ಜೊತೆ ಚರಂಡಿಯದೂ ಬರುತ್ತದೆ. ಪಂಚಾಯಿತಿಯನ್ನು ಬೈಯುವ ಮೊದಲು ಈ ಮೋಟಾರ್ ಬಿಚ್ಚಬೇಕು ಎಂಬುದು ನನ್ನ ಮಾತು. ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಐದು ರೂಪಾಯಿ ಹಾಕಿ ಫಿಲ್ಟರ್ ನೀರು ತರುತ್ತೇವಲ್ಲ ಎನ್ನುತ್ತೀರಿ. ಸರಿ, ಪಾತ್ರೆ ತೊಳೆಯಲು, ಬಾಯಿ ಮುಕ್ಕಳಿಸಲು, ಸೊಪ್ಪು ತೊಳೆಯಲು ಯಾವ ನೀರು? ತಂದ ಕ್ಯಾನಿಗೂ ಕೈ ಅದ್ದಿ ಚೊಂಬು ಮುಳುಗಿಸಿದರೆ ಮುಗಿಯಿತು.

ಕಾಲರಾ ಬಂದರೆ ಅಕ್ಕಿ ತೊಳೆದ ನೀರಿನಂತೆ ಭೇದಿ ಆಗುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಸಾಯಿಸುವುದು ಮೈಯಿಂದ ನೀರು, ಉಪ್ಪು ಖಾಲಿಯಾಗುವುದು. ಆದರೂ ನಮ್ಮಲ್ಲಿ 'ನೀರು ಕೊಡಬೇಡ, ಇನ್ನೂ ಭೇದಿ ಆಗುತ್ತೆ' ಎನ್ನುವ ಅಜ್ಜಿಯರಿದ್ದಾರೆ, ಬಾಟ್ಲಿ ಹಾಕಿಸಿದರೇ ವಾಸಿ ಎನ್ನುವ ಯುವಕರೂ ಇದ್ದಾರೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಬಾಟ್ಲಿ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆ ನೀರು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಓಆರ್‌ಎಸ್ ಪ್ಯಾಕೆಟ್ ಆಶಾ ಕಾರ್ಯಕರ್ತೆಯರ ಬಳಿ ಕೇಳಿ. ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಸಮತಟ್ಟಾಗಿ. ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ. ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಉಚ್ಚೆ ನಿಂತರೆ, ಮಂಪರು ಹತ್ತಿದರೆ, ಕುಡಿಸಿದ್ದು ನಿಲ್ಲದಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಆಗ ಬಾಟ್ಲಿ ಬೇಕೇ ಬೇಕು. ದಾರಿಯಲ್ಲೂ ಎಚ್ಚರವಿದ್ದರೆ ಕುಡಿಸಿ.

ಇನ್ನು ಪಂಚಾಯಿತಿಯವರ ಸರದಿ. ಟ್ಯಾಂಕ್ ತೊಳೆದ ತಾರೀಖು ಟ್ಯಾಂಕ್ ಮೇಲೇ ಬಣ್ಣದಲ್ಲಿ ಬರೆಸಲಿ. ಬ್ಲೀಚಿಂಗ್ ಪೌಡರ್ ಹಾಕಿದೆವು ಎಂಬ ಬಾಯಿಮಾತು ಸಾಲದು. ಬೀದಿಯ ಕಟ್ಟಕಡೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಅದನ್ನು ಕಿಟ್‌ನಲ್ಲಿ ಜನರ ಮುಂದೆಯೇ ಪರೀಕ್ಷಿಸಬಹುದು. ಮುಂದಿನ ಗ್ರಾಮಸಭೆಯಲ್ಲಿ ನೀರಗಂಟಿಯನ್ನು ಮಾತ್ರ ನಿಲ್ಲಿಸಿ ಬೈಯಬೇಡಿ. ಒಡೆದ ಪೈಪಿನ ಫೋಟೋ ಫೋನಲ್ಲಿ ಹಿಡಿದು ಪಿಡಿಒ ಅವರಿಗೆ ತೋರಿಸಿ, ಯಾವತ್ತು ಬದಲಾಯಿಸುತ್ತೀರಿ ಎಂದು ಕೇಳಿ, ಹೇಳಿದ ದಿನವನ್ನು ನಡಾವಳಿಯಲ್ಲಿ ಬರೆಸಿ.