ಪಾರ್ಕಿನ್‌ಗೆ ಗೋಡಂಬಿ ಹಾಕಬೇಡಿ

ಹೊರನಾಡಿನಲ್ಲಿ ರಾಜ್ಯೋತ್ಸವ ಅಂದರೆ ನವೆಂಬರ್ ಒಂದೇ ಆಗಬೇಕೆಂದಿಲ್ಲ, ಸಭಾಂಗಣ ಸಿಕ್ಕ ಭಾನುವಾರ. ಕಳೆದ ಸಲ ನಮಗೆ ಮೊದಲ ಭಾನುವಾರವೇ ಸಿಕ್ಕಿತು. ಭಾಷಣ ಮುಗಿದ ಮೇಲೆ ತಿಂಡಿಯ ಮೇಜುಗಳು. ಒಬ್ಬರ ಮೇಜಿನ ಮೇಲೆ ಗಿರಮಿಟ್ಟು, ಇನ್ನೊಬ್ಬರದರ ಮೇಲೆ ಮಂಗಳೂರು ಬನ್ಸ್, ಮತ್ತೊಬ್ಬರದು ಶೇಂಗಾ ಹೋಳಿಗೆ. ನಾನು ಎರಡು ತಟ್ಟೆ ಇಟ್ಟಿದ್ದೆ. ಒಂದರಲ್ಲಿ ಯಾರ್ಕ್‌ಶೈರಿನ ಪಾರ್ಕಿನ್, ಇನ್ನೊಂದರಲ್ಲಿ ವೇಲ್ಸಿನ ತವೆ ಕೇಕು.

ಮೊದಲು ಬಂದವರು ನಿವೃತ್ತ ಹಿರಿಯರು. ಚೀಟಿ ಓದಿ ಹುಬ್ಬು ಗಂಟಿಕ್ಕಿದರು. "ರಾಜ್ಯೋತ್ಸವದ ದಿನ ದೊರೆಗಳ ತಿಂಡಿಯೇನಮ್ಮಾ? ಗುಲಾಮಗಿರಿ ಇನ್ನೂ ನಾಲಿಗೆಯಿಂದ ಇಳಿದಿಲ್ಲ ಅಂತಾಯಿತು." ಅವರು ಹೋದ ಹಿಂದೆಯೇ ವಾರಾಂತ್ಯಕ್ಕೆ ಬೇಕಿಂಗ್ ಕ್ಲಾಸು ನಡೆಸುವ ಮಹಿಳೆ ಬಂದರು. ಚೂರು ಮುರಿದು ಬಾಯಿಗೆ ಹಾಕಿಕೊಂಡರು. "ರುಚಿಯಾಗಿದೆ, ಆದರೆ ಬಡವಾಯಿತು ನೋಡಿ. ಬ್ರಿಟಿಷ್ ಟೀ ಕೇಕು ಅಂದರೆ ರಿಚ್ ಆಗಿರಬೇಕು. ನನ್ನ ಕ್ಲಾಸಿನಲ್ಲಿ ಇದಕ್ಕೆ ಗೋಡಂಬಿ, ಚಾಕೊಲೇಟ್ ಚಿಪ್ಸ್ ಹಾಕಿಸುತ್ತೇನೆ. ಓಟ್ಸ್ ಬದಲು ಮೈದಾ. ಹೂವಿನ ಹಾಗೆ ಬರುತ್ತದೆ."

ಇಬ್ಬರಿಗೂ ನಕ್ಕು ಸುಮ್ಮನಾದೆ. ಮೇಜಿನ ಹಿಂದೆ ನಿಂತವರು ಜಗಳ ಆಡಬಾರದು. ಈಗ ಆಡುತ್ತೇನೆ. ಒಬ್ಬರಿಗೆ ಈ ತಿಂಡಿಯ ಮೇಲೆ ಸಿಟ್ಟು, ಇನ್ನೊಬ್ಬರಿಗೆ ಮೋಹ. ಆದರೆ ಇಬ್ಬರ ತಪ್ಪೂ ಒಂದೇ: ಇದು ದೊರೆಗಳ ತಿಂಡಿ ಎಂದುಕೊಂಡಿದ್ದಾರೆ.

ದೊರೆಗಳ ತಿಂಡಿಯಲ್ಲ ಸ್ವಾಮಿ. ಮನೆಯವರ ಕೆಲಸದ ನೆಪದಲ್ಲಿ ನಾನು ಮೂರು ಚಳಿಗಾಲ ಲೀಡ್ಸ್‌ನಲ್ಲಿ ಕಳೆದಿದ್ದೇನೆ. ಪಾರ್ಕಿನ್ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಅವರ ತಾಯಿ ಉಣ್ಣೆ ಗಿರಣಿಯಲ್ಲಿ ದುಡಿದವರು. ಮೊದಲ ವರ್ಷ ಅಕ್ಟೋಬರ್ ಕೊನೆಗೆ ಅವರು ಒಂದು ತಗಡಿನ ಡಬ್ಬಿ ಕೊಟ್ಟು, "ಐದನೇ ತಾರೀಖಿನವರೆಗೆ ಮುಚ್ಚಳ ತೆಗೆಯಬೇಡ" ಅಂದರು. ನಾನು ಎರಡನೇ ದಿನವೇ ತೆಗೆದೆ. ಗಟ್ಟಿ, ಒರಟು, ಗಂಟಲಲ್ಲಿ ಸಿಕ್ಕಿಕೊಳ್ಳುವಂಥದ್ದು. ಮರ್ಯಾದೆಗೆ ತಿಂದು ಡಬ್ಬಿ ಮುಚ್ಚಿಟ್ಟೆ. ಐದನೇ ತಾರೀಖು ಸಂಜೆ ಬೀದಿಯಲ್ಲಿ ಬೆಂಕಿ ಹಚ್ಚಿದಾಗ ಮತ್ತೆ ತೆಗೆದರೆ ಅದೇ ಕೇಕು ಅಂಟಂಟಾಗಿ, ಮೆತ್ತಗೆ, ಶುಂಠಿಯ ಖಾರ ಒಳಗೊಳಗೇ ಹರಡಿಕೊಂಡು ಬೇರೆಯದೇ ಆಗಿತ್ತು. 1605ರಲ್ಲಿ ಪಾರ್ಲಿಮೆಂಟನ್ನು ಸ್ಫೋಟಿಸಲು ಹೊರಟ ಸಂಚು ಮುರಿದುಬಿದ್ದ ನೆನಪಿಗೆ ಅಲ್ಲಿ ನವೆಂಬರ್ 5ಕ್ಕೆ ಬೆಂಕಿ ಹಾಕುತ್ತಾರೆ. ಉತ್ತರ ಇಂಗ್ಲೆಂಡಿನಲ್ಲಿ ಆ ಬೆಂಕಿಯ ಸುತ್ತ ನಿಂತು ತಿನ್ನುವುದು ಪಾರ್ಕಿನ್.

ಅದರಲ್ಲಿ ಓಟ್ಸ್ ಯಾಕೆ? ಆರೋಗ್ಯಕ್ಕಲ್ಲ. ಉತ್ತರದ ಆ ತೇವದ, ತಣ್ಣನೆಯ ಗುಡ್ಡಗಳಲ್ಲಿ ಗೋಧಿ ಸರಿಯಾಗಿ ಬರುತ್ತಿರಲಿಲ್ಲ, ಓಟ್ಸ್ ಬರುತ್ತಿತ್ತು. ಲಂಡನ್ನಿನ ಜನ ಅದನ್ನು ಕುದುರೆಯ ಮೇವೆಂದು ಆಡಿಕೊಳ್ಳುತ್ತಿದ್ದರು. ಜಾನ್ಸನ್ 1755ರ ತನ್ನ ನಿಘಂಟಿನಲ್ಲೇ ಅಂಥದೊಂದು ಕುಟುಕು ಸೇರಿಸಿಟ್ಟಿದ್ದಾನೆ. ಕಾಕಂಬಿಯಂಥ ಕರಿ ಟ್ರೀಕಲ್ ಯಾಕೆ? ಸಕ್ಕರೆ ಶುದ್ಧಿ ಮಾಡಿದ ಮೇಲೆ ಉಳಿಯುವ ಗಸಿ ಅದು, ಸಕ್ಕರೆಗಿಂತ ಅಗ್ಗ. ವಾರಗಟ್ಟಲೆ ಕೆಡದಂತೆ ಯಾಕೆ? ಗಿರಣಿಗೆ ಹೋಗುವವಳಿಗೆ ದಿನಾ ಬೇಯಿಸಲು ಪುರುಸೊತ್ತಿಲ್ಲ. ಒಂದೊಂದು ಸಾಮಾನಿನ ಹಿಂದೆಯೂ ಒಂದೊಂದು ಕೊರತೆ ಇದೆ. ಖಟಕ್ ರೊಟ್ಟಿ ತಿಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ವೇಲ್ಸಿನ ಕೇಕಿಗಂತೂ ಓವನ್ನೇ ಬೇಡ. ಅವರ ಭಾಷೆಯಲ್ಲಿ ಅದರ ಒಂದು ಹೆಸರು ‘ಪಿಕೈ ಆರ್ ಅ ಮೈನ್’, ಕಲ್ಲಿನ ಮೇಲಿನ ಕೇಕು ಅಂತ. ಗುಡಿಸಲಿನ ಒಲೆಯ ಮೇಲೆ ಕಾಯಿಸಿದ ಕಲ್ಲು, ಆಮೇಲೆ ಎರಕದ ಕಬ್ಬಿಣದ ದಪ್ಪ ತವೆ. ಕಲ್ಲಿದ್ದಲ ಗಣಿಗೆ ಇಳಿಯುವವರ ಜೇಬಿನಲ್ಲಿ ಇರುತ್ತಿದ್ದ ತಿಂಡಿ. ಇಂಗ್ಲೆಂಡಿನ ಈಶಾನ್ಯ ಮೂಲೆಯ ನಾರ್ತಂಬರ್‌ಲ್ಯಾಂಡಿನಲ್ಲಿ ಇದರ ದೊಡ್ಡಕ್ಕನಂಥ ‘ಸಿಂಗಿನ್ ಹಿನ್ನಿ’ ಇದೆ. ತವೆಗೆ ಹಾಕಿದಾಗ ಒಳಗಿನ ಕೊಬ್ಬು ಚುರ್ ಎಂದು ಹಾಡುತ್ತದಲ್ಲ, ಅದಕ್ಕೆ ಸಿಂಗಿನ್. ಹಿನ್ನಿ ಅಂದರೆ ಜೇನು. ಆ ಸೀಮೆಯವರು ಪ್ರೀತಿಯವರನ್ನು ಕರೆಯುವುದೇ ಹಾಗೆ, ನಾವು ಚಿನ್ನಾ ಅಂದ ಹಾಗೆ.

ಆದರೂ ಆ ಹಿರಿಯರ ಸಿಟ್ಟನ್ನು ಪೂರ್ತಿ ತಳ್ಳಿಹಾಕಲಾರೆ. ಸಿಟ್ಟು ಸರಿ, ವಿಳಾಸ ತಪ್ಪು. ಸಿಟ್ಟು ಮಾಡುವುದಿದ್ದರೆ ಕೇಕಿನ ಮೇಲಲ್ಲ, ಅದರೊಳಗಿನ ಸಿಹಿಯ ಮೇಲೆ ಮಾಡಬೇಕು. ಬ್ರಿಟನ್ನಿನ ಬಡವರ ತಟ್ಟೆಗೆ ಸಕ್ಕರೆ, ಟ್ರೀಕಲ್ ಬಂದಿದ್ದು ಬಾರ್ಬಡೋಸ್, ಜಮೈಕಾಗಳ ತೋಟಗಳಿಂದ. ಅಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಕಂಬರ್‌ಲ್ಯಾಂಡಿನ ‘ರಮ್ ನಿಕಿ’ ಎಂಬ ಖರ್ಜೂರದ ಕಡುಬಿನಲ್ಲಿ ರಮ್ಮು, ಕಂದು ಸಕ್ಕರೆ, ಶುಂಠಿ ಮೂರೂ ಇವೆ ಅಂದರೆ, ಅಲ್ಲಿನ ವೈಟ್‌ಹೇವನ್ ಬಂದರಿಗೆ ಆ ದ್ವೀಪಗಳ ಹಡಗುಗಳು ಬರುತ್ತಿದ್ದವು ಎಂದರ್ಥ. ಗುಲಾಮಗಿರಿ ರದ್ದತಿಯ ಕಾನೂನು ಆದದ್ದು 1833ರಲ್ಲಿ, ಜಾರಿಗೆ ಬಂದದ್ದು 1834ರಲ್ಲಿ. ಎರಡು ಕೋಟಿ ಪೌಂಡ್ ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಅದೇ 1834ರಿಂದ ಕಬ್ಬು ಕಡಿಯಲು ಮಾರಿಷಸ್ಸಿಗೆ, 1838ರಿಂದ ಗಯಾನಾಕ್ಕೆ ಕರಾರು ಕೂಲಿಗಳಾಗಿ ಹಡಗು ಹತ್ತಿದವರು ನಮ್ಮವರು.

ಇನ್ನೊಂದು ಸಂಗತಿ ಆ ಹಿರಿಯರಿಗೆ ಗೊತ್ತಿರಲಿಕ್ಕಿಲ್ಲ. ಗುಲಾಮರು ಬೆಳೆದ ಸಕ್ಕರೆ ಮನೆಗೆ ಬೇಡ ಎಂಬ ಬಹಿಷ್ಕಾರ 1791ರಲ್ಲಿ ಬ್ರಿಟನ್ನಿನ ಮನೆಮನೆಯ ಅಡುಗೆಮನೆಯೊಳಗೆ ನಡೆದಿತ್ತು. ಅದನ್ನು ನಡೆಸಿದವರಲ್ಲಿ ಹೆಚ್ಚಿನವರು ಹೆಂಗಸರು. ಓಟು ಇಲ್ಲದವರು, ಸಾಮಾನಿನ ಪಟ್ಟಿಯೊಂದೇ ಕೈಯಲ್ಲಿದ್ದವರು. 1820ರ ದಶಕದಲ್ಲಿ ಬಹಿಷ್ಕಾರ ಮತ್ತೆ ಎದ್ದಾಗ, ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ ಎಂದು ಬರೆದ ಸಕ್ಕರೆ ಬಟ್ಟಲುಗಳು ಮಾರಾಟಕ್ಕಿದ್ದವು. ನಮ್ಮ ದೇಶದ ಸಕ್ಕರೆ! ಕಂಪನಿ ಸರ್ಕಾರದ ಕೆಳಗಿನ ನಮ್ಮ ರೈತ ಎಷ್ಟು ಸ್ವತಂತ್ರನಾಗಿದ್ದ ಎಂದು ಆ ಬಟ್ಟಲನ್ನು ಕೇಳಬೇಕು. ಅಂತೂ ಸಕ್ಕರೆ ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಆ ಅಡುಗೆಮನೆಗಳಲ್ಲಿ ಇತ್ತು. ನಮ್ಮಲ್ಲಿ ಇದೆಯೇ? ಪುಣೆಯಲ್ಲಿ ನಾನು ಟ್ರೀಕಲ್ ಬದಲು ಬಳಸುವುದು ಕಾಕವಿ, ನಮ್ಮ ಜೋನಿಬೆಲ್ಲ. ಕೊಲ್ಹಾಪುರದ ಕಡೆಯದು. ಈ ಸೀಮೆಯ ಕಬ್ಬು ಕಡಿಯಲು ಬೀಡ್ ಜಿಲ್ಲೆಯಿಂದ ಗಂಡ ಹೆಂಡತಿ ಜೋಡಿಯಾಗಿ ವಲಸೆ ಬರುತ್ತಾರೆ, ಬೆಳಗಾವಿಯ ಕಡೆಗೂ ಹೋಗುತ್ತಾರೆ, ಹಂಗಾಮು ಮುಗಿಯುವವರೆಗೆ ಗುಡಿಸಲಲ್ಲಿ ಇರುತ್ತಾರೆ. ನಾವೂ ವಲಸಿಗರೇ, ಆದರೆ ನಮಗೆ ಸಂಘ ಇದೆ, ರಾಜ್ಯೋತ್ಸವ ಇದೆ. ಬ್ರಿಟಿಷರ ಕೇಕು ಮುಟ್ಟದ ಹಿರಿಯರು ಅವತ್ತು ಹೋಳಿಗೆ ಮೂರು ತಿಂದರು. ಅದರ ಬೆಲ್ಲ ಯಾರು ಕಡಿದ ಕಬ್ಬಿನದು ಎಂದು ಅವರೂ ಕೇಳಲಿಲ್ಲ, ಬಡಿಸಿದವರೂ ಹೇಳಲಿಲ್ಲ. ನಾನೂ ಚೀಟಿಯಲ್ಲಿ ಬರೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಈಗ ಗೋಡಂಬಿ.

ಕ್ಲಾಸಿನ ಆ ಮಹಿಳೆಯ ಮೇಲೆ ನನಗೆ ದ್ವೇಷವಿಲ್ಲ, ದುಡಿದು ತಿನ್ನುವವರು. ಆದರೆ ಅವರ ಆ ‘ರಿಚ್’ ಎಂಬ ಮಾತು ಮೈಗೆ ಹತ್ತಿದೆ. ಓಟ್ಸ್ ತೆಗೆದು ಮೈದಾ ಹಾಕಿದಿರಿ, ಕಾಯುವುದನ್ನು ತೆಗೆದು ಬಿಸಿಬಿಸಿ ಬಡಿಸಿದಿರಿ, ಶುಂಠಿ ಮಕ್ಕಳಿಗೆ ಖಾರ ಎಂದು ಚಿಟಿಕೆಗೆ ಇಳಿಸಿದಿರಿ, ಮೇಲೆ ಗೋಡಂಬಿ ಉದುರಿಸಿದಿರಿ. ಉಳಿದದ್ದೇನು? ಹೆಸರು. ಆ ಹೆಸರನ್ನು ಯಾಕೆ ಬಿಡಲಿಲ್ಲ? ಚಾಕೊಲೇಟ್ ಕೇಕು ಎಂದರೆ ಫೀಸು ಅಷ್ಟು ಬರುವುದಿಲ್ಲ, ಯಾರ್ಕ್‌ಶೈರ್ ಅಂದರೆ ಬರುತ್ತದೆ. ಇತ್ತೀಚಿನ ಮದುವೆಗಳಲ್ಲಿ ‘ಲೈವ್ ಜೋಳದ ರೊಟ್ಟಿ ಕೌಂಟರ್’ ಇಟ್ಟು, ರೊಟ್ಟಿಗೆ ಚೀಸ್ ಸವರಿ ಕೊಡುವುದನ್ನು ಕಂಡಾಗ ನಮಗೆ ಮೈ ಉರಿಯುತ್ತದಲ್ಲ? ರೊಟ್ಟಿ ಬಡಿದು ಕೈ ಬೊಬ್ಬೆ ಬಂದವಳನ್ನು ಮರೆತರು ಅನ್ನುತ್ತೇವಲ್ಲ? ಅವರ ಗಿರಣಿಯವಳಿಗೆ ಬೇರೆ ನ್ಯಾಯ ಉಂಟೇ?

ಇದು ನಮ್ಮಲ್ಲಷ್ಟೇ ಆಗಿದ್ದಲ್ಲ, ಆ ದೇಶದಲ್ಲೇ ಆಗಿದೆ. ಡಾರ್ಬಿಶೈರಿನ ಬೇಕ್‌ವೆಲ್ ಎಂಬ ಊರಿನದು ಪುಡಿಂಗ್: ಪದರು ಹಿಟ್ಟು, ಜ್ಯಾಮು, ಮೇಲೆ ಮೊಟ್ಟೆ ಬಾದಾಮಿಯ ಒದ್ದೆ ಪಾಕ. ಎಲೈಜಾ ಆಕ್ಟನ್ 1845ರ ತನ್ನ ಪುಸ್ತಕದಲ್ಲಿ ಅದರ ವಿಧಾನ ಕೊಟ್ಟಿದ್ದಾಳೆ. ಇವತ್ತು ಬೇಕ್‌ವೆಲ್ ಅಂದರೆ ಜನರ ಕಣ್ಣಿಗೆ ಬರುವುದು ಬಿಳಿ ಐಸಿಂಗಿನ ನಡುವೆ ಕೆಂಪು ಚೆರಿ ಕೂರಿಸಿದ ಕಾರ್ಖಾನೆಯ ಪುಟಾಣಿ.

ಹಾಗಂತ ಆ ಊರಿನ ನೀರು, ಆ ಊರಿನ ಹಿಟ್ಟೇ ಆಗಬೇಕು, ಬೇರೆ ಕಡೆ ಮಾಡಿದ್ದೆಲ್ಲ ನಕಲಿ ಎನ್ನುವವರ ಜೊತೆಗೂ ನಾನಿಲ್ಲ. ಧಾರವಾಡ ಪೇಡೆಯನ್ನು ಧಾರವಾಡಕ್ಕೆ ತಂದವರೇ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು. ತಿಂಡಿ ವಲಸೆ ಹೋಗುತ್ತದೆ, ಹೋಗಬೇಕು. ನನ್ನ ಪಾರ್ಕಿನ್‌ನಲ್ಲಿ ಟ್ರೀಕಲ್ ಇಲ್ಲ ಎಂದು ಹೇಳಿದೆನಲ್ಲ. ಆದರೆ ಕಾಕವಿಗೆ ಟ್ರೀಕಲ್ಲಿನ ಕಹಿ ಇಲ್ಲ, ಆದ್ದರಿಂದ ಒಂದು ಪಾಲನ್ನು ಸ್ವಲ್ಪ ಕಪ್ಪಾಗುವವರೆಗೆ ಕಾಯಿಸಿ ಸೇರಿಸುತ್ತೇನೆ. ಸೋಡಾ ಉಬ್ಬಲು ಹುಳಿ ಬೇಕು, ಹಾಲಿನ ಬದಲು ಹುಳಿ ಮಜ್ಜಿಗೆ ಹಾಕುತ್ತೇನೆ. ಅವಲಕ್ಕಿಯಂಥ ಓಟ್ಸನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಬನ್ಸಿ ರವೆಯಷ್ಟು ಒರಟಾಗಿ ಇಡುತ್ತೇನೆ. ಸಾಮಾನು ಬದಲಾಯಿತು, ಅದು ಮಾಡುವ ಕೆಲಸ ಬದಲಾಗಲಿಲ್ಲ. ಇಷ್ಟೇ ನನ್ನ ಕಟ್ಟಳೆ.

ಈ ಕಟ್ಟಳೆ ಎಲ್ಲೆಲ್ಲೂ ನಡೆಯುವುದಿಲ್ಲ. ವಿಲ್ಟ್‌ಶೈರಿನ ‘ಲಾರ್ಡಿ ಕೇಕ್’ ನೋಡಿ. ಬ್ರೆಡ್ಡಿನ ಹಿಟ್ಟಿಗೆ ಹಂದಿಯ ಕೊಬ್ಬು, ಸಕ್ಕರೆ, ಒಣದ್ರಾಕ್ಷಿ ಸವರಿ, ಮಡಚಿ, ಲಟ್ಟಿಸಿ, ಮತ್ತೆ ಮಡಚಿ ಬೇಯಿಸುವುದು. ತಳದಲ್ಲಿ ಕೊಬ್ಬೂ ಸಕ್ಕರೆಯೂ ಕೂಡಿ ಗರಿಯಾಗುತ್ತದೆ. ನಮ್ಮ ಮನೆಯಲ್ಲಿ ಹಂದಿಯ ಕೊಬ್ಬು ಒಲೆಗೇರುವುದಿಲ್ಲ. ತುಪ್ಪದಲ್ಲಿ ಮಾಡಬಹುದು, ಬಹುಶಃ ರುಚಿಯಾಗಿಯೇ ಇರುತ್ತದೆ. ಆದರೆ ಕೊಬ್ಬಿನ ಹೆಸರೇ ತಿಂಡಿಯ ಹೆಸರಾಗಿರುವಾಗ ಅದನ್ನು ಲಾರ್ಡಿ ಕೇಕ್ ಎಂದು ಯಾವ ಬಾಯಲ್ಲಿ ಕರೆಯಲಿ? ನಾನು ಮಾಡುವುದಿಲ್ಲ. ಮಾಡುವವರು ದಯವಿಟ್ಟು ಬೇರೆ ಹೆಸರಿಡಿ. ತುಪ್ಪದ ಮಡಿಕೆ ಬ್ರೆಡ್ಡು ಎಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಪುಣೆಯವರು ಇಲ್ಲಿ ನನ್ನನ್ನು ಹಿಡಿದುಹಾಕುತ್ತಾರೆ, ಗೊತ್ತು. ಶ್ರೂಸ್‌ಬರಿ ಬಿಸ್ಕತ್ತು! ಶ್ರೂಸ್‌ಬರಿ ಎಂಬುದು ವೇಲ್ಸ್ ಗಡಿಗೆ ಹತ್ತಿರದ ಶ್ರಾಪ್‌ಶೈರಿನ ಊರು. ಅಲ್ಲಿನ ಹಳೆಯ ಪಾಕಗಳಲ್ಲಿ ಜಾಯಿಕಾಯಿ, ದಾಲ್ಚಿನ್ನಿ, ಗುಲಾಬಿ ನೀರು ಬರುತ್ತವೆ. ಪುಣೆಯ ಕ್ಯಾಂಪಿನ ಶ್ರೂಸ್‌ಬರಿ ಬೆಣ್ಣೆಯ ಪರಿಮಳ ಬಿಟ್ಟರೆ ಬೇರೇನೂ ಇಲ್ಲದ, ಬಾಯಲ್ಲಿ ಪುಡಿಯಾಗುವ ಬಿಸ್ಕತ್ತು. ಹೆಸರು ಅದೇ, ತಿಂಡಿ ಬೇರೆ. ಊರಿಗೆ ಹೋಗುವಾಗ ನಾನೂ ಎರಡು ಕಿಲೋ ಕಟ್ಟಿಸಿಕೊಂಡು ಹೋಗುತ್ತೇನೆ. ನನ್ನ ವಾದಕ್ಕೆ ಇಲ್ಲಿ ತೂತು ಬಿದ್ದಿದೆ, ಮುಚ್ಚಲು ಹೋಗುವುದಿಲ್ಲ. ಒಂದು ಮಾತು ಮಾತ್ರ ಹೇಳಬಲ್ಲೆ: ಆ ಬಿಸ್ಕತ್ತನ್ನು ಸಾಲಿನಲ್ಲಿ ನಿಂತು ಕೊಳ್ಳುವವರು ಪುಣೆಯ ಬಿಸ್ಕತ್ತೆಂದೇ ಕೊಳ್ಳುತ್ತಾರೆ, ಇಂಗ್ಲೆಂಡಿನ ಗತ್ತಿಗಾಗಿ ಯಾರೂ ಹೆಚ್ಚು ಕಾಸು ಕೊಡುವುದಿಲ್ಲ.

ಮನೆಯಲ್ಲಿ ಮಾಡಬೇಕೆನಿಸಿದವರು ಪಾರ್ಕಿನ್‌ನಿಂದ ಅಲ್ಲ, ವೇಲ್ಸಿನ ಕೇಕಿನಿಂದ ಶುರು ಮಾಡಿ. ಮೂವತ್ತು ಸಾವಿರದ ಓವನ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 225 ಗ್ರಾಂ ಮೈದಾ, ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಸ್ವಲ್ಪ ಜಾಯಿಕಾಯಿ ಪುಡಿ. ಹೌದು, ಇದಕ್ಕೆ ಮೈದಾವೇ. ಅದಕ್ಕೆ 100 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ. 75 ಗ್ರಾಂ ಸಕ್ಕರೆ, ಅಷ್ಟೇ ಕರಿ ಒಣದ್ರಾಕ್ಷಿ, ಒಂದು ಮೊಟ್ಟೆ. ನೀರು ಬೇಡ, ತೀರಾ ಒಣಗಿದ್ದರೆ ಒಂದು ಚಮಚ ಹಾಲು. ಚಪಾತಿ ಹಿಟ್ಟಿನ ಹಾಗೆ ನಾದಿದಿರೋ ಕೆಟ್ಟಿತು, ಸುಮ್ಮನೆ ಒತ್ತಿ ಕೂಡಿಸಿ. ಅರ್ಧ ಅಂಗುಲಕ್ಕಿಂತ ತುಸು ತೆಳ್ಳಗೆ ಲಟ್ಟಿಸಿ, ಲೋಟದ ಬಾಯಿಂದ ಕತ್ತರಿಸಿ. ದೋಸೆಯ ಕಬ್ಬಿಣದ ಕಾವಲಿ ಇದೆಯಲ್ಲ, ಅದೇ ಸಾಕು. ಉರಿ ಸಣ್ಣದಿರಲಿ, ಒಂದೊಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷ. ಅಂಚು ಸ್ವಲ್ಪ ಹಸಿಯಾಗಿ ಕಾಣುತ್ತದೆ, ಅದು ಹಾಗೆಯೇ ಇರಬೇಕು. ಬಿಸಿಯಿರುವಾಗಲೇ ಸಕ್ಕರೆಯಲ್ಲಿ ಹೊರಳಿಸಿ.

ಮುಂದಿನ ರಾಜ್ಯೋತ್ಸವಕ್ಕೂ ಮೇಜು ಕೇಳಿದ್ದೇನೆ. ಚೀಟಿ ಈಗಲೇ ಬರೆದಿಟ್ಟಿದ್ದೇನೆ: ಪಾರ್ಕಿನ್, ಯಾರ್ಕ್‌ಶೈರ್, ಓಟ್ಸ್, ಶುಂಠಿ, ಬೀಡ್‌ನವರು ಕಡಿದ ಕಬ್ಬಿನ ಕಾಕವಿ, ಐದು ದಿನ ಹಳೆಯದು.