ಹಳೇ ಗಾಡಿ ಕಥೆ, ಭಾಗ 6: ಬೋಲ್ಟ್ ಮೇಲಿನ ಎಫ್

ಹೋದ ಪೋಸ್ಟ್‌ನಲ್ಲಿ ಹೇಳಿದ್ದೆನಲ್ಲ, ಒಂದು ಓಪನ್ ಜೀಪ್ ರೀಲ್ ಕೆಳಗೆ "ಇದು 1942ರ ಗಾಡಿ ಅಲ್ಲ" ಅಂತ ಕಾಮೆಂಟ್ ಹಾಕಿ ಬ್ಲಾಕ್ ಆದೆ ಅಂತ. ಆಮೇಲೆ ಕ್ಲಾಸಿನ ಅರ್ಧ ಜನ ಕೇಳಿದ್ದು ಒಂದೇ: "ನಿಂಗೇನ್ ನಷ್ಟ ಲೇ? ನೋಡೋಕೆ ಚೆನ್ನಾಗೈತಲ್ಲ." ಉತ್ತರ ಕಾಮೆಂಟ್ ಬಾಕ್ಸ್‌ನಲ್ಲಿ ಹಿಡಿಸಲ್ಲ, ಅದಕ್ಕೇ ಈ ಉದ್ದದ ಕ್ಯಾಪ್ಶನ್. ಚಹಾ ತಗೊಂಡು ಕೂತ್ಕೊಳ್ಳಿ.

ಆ ಜೀಪನ್ನ ನಾನು ರೀಲ್ ಬರೋಕೆ ಮೊದಲೇ ನೋಡಿದ್ದೆ. ಕೊಳ್ಳೋಕೆ ಹೊರಟಿದ್ದೋರು ನಮ್ಮ ಮಾವ. ಮಾವಂದು ಹರಿಹರದಲ್ಲಿ ಸಣ್ಣ ಲೇಥ್ ಶಾಪು. ನಮ್ಮಜ್ಜ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದೋರು. 1941ರಲ್ಲಿ ಹರಿಹರದಲ್ಲಿ ಶುರುವಾದ ಆ ಫ್ಯಾಕ್ಟರಿ ಲೇಥ್ ಮಾಡಿ ದೇಶಕ್ಕೆಲ್ಲ ಕಳಿಸ್ತಿತ್ತು. ಫ್ಯಾಕ್ಟರಿ ಹೋಯ್ತು, ಕೈಕೆಲಸ ಮನೆಗಳಲ್ಲಿ ಉಳೀತು. ಮಾವನಿಗೆ ಚಿಕ್ಕಂದಿನಿಂದ ಒಂದೇ ಆಸೆ, ಟಾಪ್ ಬಿಚ್ಚೋ ಮಿಲಿಟರಿ ಜೀಪು. ಮಾರೋನು ಹೇಳಿದ ರೇಟು ಏಳು ಲಕ್ಷ. ಅತ್ತೆ ಬಳೆ ಅಡ ಇಡೋ ಮಾತು ಮನೇಲಿ ನಡೆದಿತ್ತು. "ಬಿಕಾಂ ಓದ್ತೀಯಲ್ಲ, ಪೇಪರ್ ನೋಡೋಕೆ ಬಾರಪ್ಪ" ಅಂತ ನನ್ನ ವಿನೋಬನಗರದಿಂದ ಬೈಕ್‌ನಲ್ಲಿ ಹತ್ತಿಸಿಕೊಂಡು ಹೋದ್ರು.

ಹೈವೇ ಪಕ್ಕ ಒಂದು ಶೆಡ್ಡು. ಒಳಗೆ ಹಸಿರು ಬಣ್ಣ, ಬಿಳಿ ನಕ್ಷತ್ರ, ಮಡಚೋ ಗಾಜು, ಕ್ಯಾನ್ವಾಸ್ ಟಾಪು. ನಿಜ ಹೇಳ್ತೀನಿ, ನನಗೂ ಮೈ ಜುಮ್ಮಂತು. "ವರ್ಲ್ಡ್ ವಾರ್ ಗಾಡಿ ಸಾರ್. 1942 ವಿಲ್ಲೀಸ್. ನಟ್ಟು ಬೋಲ್ಟು ಸಮೇತ ಒರಿಜಿನಲ್" ಅಂತ ಬೋಲ್ಟ್ ತಲೆ ಮೇಲೆ ಬೆರಳಿಟ್ಟು ತೋರಿಸಿದ. ಅಲ್ಲಿ ಇಂಗ್ಲಿಷಿನ ಎಫ್ ಅಕ್ಷರ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಒಂದೇ ನಮೂನೆಯ ಜೀಪನ್ನ ಎರಡು ಕಂಪನಿ ಮಾಡಿಕೊಟ್ವು. ವಿಲ್ಲೀಸ್ ಮಾಡಿದ್ದು ಎಂಬಿ, ಫೋರ್ಡ್ ಮಾಡಿದ್ದು ಜಿಪಿಡಬ್ಲ್ಯೂ. ಇದರ ಪಾರ್ಟ್ ಅದಕ್ಕೆ ಕೂರಬೇಕು ಅನ್ನೋದೇ ಸೈನ್ಯದ ಷರತ್ತು. ಆದ್ರೂ ಫೋರ್ಡ್‌ನೋರು ತಮ್ಮ ಪಾರ್ಟುಗಳ ಮೇಲೆ, ಬೋಲ್ಟ್ ತಲೆ ಮೇಲೂ, ಎಫ್ ಅಂತ ಒತ್ತಿದ್ರು. ಅಂದ್ರೆ ಮಾರೋನು "ವಿಲ್ಲೀಸ್" ಅನ್ನೋದಕ್ಕೆ ಸಾಕ್ಷಿ ಅಂತ ತೋರಿಸಿದ್ದು ಫೋರ್ಡ್ ಗುರುತು!

ಅಷ್ಟಕ್ಕೇ ಸುಳ್ಳು ಅನ್ನೋ ಹಾಗಿಲ್ಲ. ಸೈನ್ಯದ ವರ್ಕ್‌ಶಾಪ್‌ಗಳಲ್ಲೇ ಎರಡರ ಪಾರ್ಟೂ ಕಲೆತು ಹೋಗಿದ್ವು. ಹಾಗಾಗಿ ನಾನು ಸುಮ್ಮನಿದ್ದೆ. ಮಾವ ಸುಮ್ಮನಿರಲಿಲ್ಲ. ಒಂದು ಬೋಲ್ಟ್ ಬಿಚ್ಚೋಕೆ ಕೇಳಿದ್ರು, ಜೇಬಿಂದ ಥ್ರೆಡ್ ಗೇಜ್ ತೆಗೆದ್ರು. ಗರಗಸದ ಹಲ್ಲಿನ ಹಾಗಿರೋ ಸಣ್ಣ ಬ್ಲೇಡುಗಳ ಗೊಂಚಲು ಅದು. ಆ ಕಾಲದ ಅಮೆರಿಕನ್ ಜೀಪು ಪೂರ್ತಿ ಇಂಚಿನ ಲೆಕ್ಕ. 5/16 ಇಂಚಿನ ಸಣ್ಣ ಹಲ್ಲಿನ ಬೋಲ್ಟ್ ಆದ್ರೆ ಒಂದು ಇಂಚಿಗೆ 24 ಹಲ್ಲು. ಆ ಬ್ಲೇಡ್ ಕೂರಲೇ ಇಲ್ಲ. 1.25 ಮಿಲಿಮೀಟರ್ ಬ್ಲೇಡ್ ಇಟ್ರು, ಗಪ್ ಅಂತ ಕೂತ್ತು. ತಲೆ ಮೇಲೆ 1942, ಕಾಲಲ್ಲಿ ಮೆಟ್ರಿಕ್. "ಇದು ನಮ್ಮ ಕಡೆ ಕೆಲಸಾನೇ" ಅಂದ್ರು ಮಾವ, ಸಿಟ್ಟಿಲ್ಲದೆ. ಸ್ವಲ್ಪ ಮೆಚ್ಚುಗೇನೂ ಇತ್ತು ಅನ್ಸುತ್ತೆ.

ಆಮೇಲೆ ಒಂದೊಂದೇ ಕಳಚ್ತು. ಯುದ್ಧದ ಜೀಪಿನ ಹೆಡ್‌ಲೈಟು ಗ್ರಿಲ್‌ನ ಹಿಂದೆ ಕೂತಿರುತ್ತೆ, ಕಿವಿನಟ್ಟು ಸಡಿಲಿಸಿ ಹಿಂದಕ್ಕೆ ಮಗುಚಿದ್ರೆ ಇಂಜಿನ್ ಮೇಲೆ ಬೆಳಕು ಬೀಳುತ್ತೆ, ರಾತ್ರಿ ರಿಪೇರಿಗೆ ಅಂತ. ಇಲ್ಲಿ ಮಗುಚಲಿಲ್ಲ, ವೆಲ್ಡ್ ಆಗಿತ್ತು. ವಿಲ್ಲೀಸ್ ಎಂಬಿ ಚಾಸಿಯ ಮುಂದಿನ ಅಡ್ಡಪಟ್ಟಿ ಗುಂಡಗಿನ ಪೈಪು. ಬಗ್ಗಿ ನೋಡಿದ್ರೆ ಪೈಪೇ ಇಲ್ಲ. ಚಾಸಿ ನಂಬರಿನ ಪ್ಲೇಟು ಹೊಳೀತಿತ್ತು, ಅದರ ರಿವೆಟ್ಟು ಅದಕ್ಕಿಂತ ಹೊಸದು.

ಆಡಿಟಿಂಗ್ ಕ್ಲಾಸಲ್ಲಿ ವೌಚಿಂಗ್ ಅಂದ್ರೆ ನಿದ್ದೆ ಮಾಡ್ತೀವಲ್ಲ? ಆವತ್ತು ಅದು ಕೆಲಸಕ್ಕೆ ಬಂತು. ಒಂದೊಂದು ಪಾರ್ಟೂ ಒಂದೊಂದು ವೌಚರ್. ಅವು ಒಂದಕ್ಕೊಂದು ಹೊಂದಬೇಕು, ಆಮೇಲೆ ಪುಸ್ತಕಕ್ಕೂ ಹೊಂದಬೇಕು. ಪುಸ್ತಕ ಅಂದ್ರೆ ಆರ್‌ಸಿ. ಅದರಲ್ಲಿ ಇದ್ದಿದ್ದು: ಮಹೀಂದ್ರ, ಸಿಜೆ3ಬಿ, 1968. "ಆಗಿನ ಕಾಲದಲ್ಲಿ ಆರ್‌ಟಿಒದೋರು ಏನೋ ಬರೆದುಬಿಡೋರು ಸಾರ್" ಅಂದ ಮಾರೋನು. ಇಂಜಿನ್ ನಂಬರ್ ನೋಡಿದೆ. ಅದು ಆರ್‌ಸಿಗೂ ಹೊಂದ್ಲಿಲ್ಲ, ಅವನ ಕಥೆಗೂ ಹೊಂದ್ಲಿಲ್ಲ.

ಈಗ "ನಿಂಗೇನ್ ನಷ್ಟ" ಅನ್ನೋ ಪ್ರಶ್ನೆಗೆ ಬರ್ತೀನಿ.

1968ರ ಮಹೀಂದ್ರ ಏನೂ ಕಡಿಮೆ ಗಾಡಿ ಅಲ್ಲ. ವಿಲ್ಲೀಸ್ ಕಂಪನಿಯ ಲೈಸೆನ್ಸ್‌ನಲ್ಲೇ ನಮ್ಮ ದೇಶದಲ್ಲಿ ಆದದ್ದು. ಸಿಜೆ3ಬಿ ಅಂದ್ರೆ ಆ ಎತ್ತರದ ಬಾನೆಟ್ಟು. ಅದರ ಹರಿಕೇನ್ ಇಂಜಿನ್ ಹಳೇದಕ್ಕಿಂತ ಎತ್ತರ ಇದ್ದಿದ್ದಕ್ಕೇ ಬಾನೆಟ್ ಮೇಲೇರಿದ್ದು. ಅಡಿಕೆ ತೋಟ, ಪೊಲೀಸ್ ಸ್ಟೇಷನ್, ಪಿಡಬ್ಲ್ಯೂಡಿ, ಎಲ್ಲಾ ಕಡೆ ದುಡಿದ ಗಾಡಿ ಅದೇ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೇ ಅಂತ ನಿಯಮ ತಂತು: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಗದೆ ಮೂಲ ರೂಪದಲ್ಲೇ ಇರಬೇಕು. ಆಗ 20,000 ರೂಪಾಯಿ ಕಟ್ಟಿದ್ರೆ ರಾಜ್ಯದ ಅಕ್ಷರದ ಮುಂದೆ ವಿಎ ಅಂತ ಇರೋ ನಂಬರು, 10 ವರ್ಷಕ್ಕೆ. (ಬಾಡಿಗೆಗೆ ಬಿಡೋ ಹಾಗಿಲ್ಲ, ಮದುವೆ ಎಂಟ್ರಿ ಪ್ಲಾನ್ ಇರೋರು ಕೇಳಿಸ್ಕೊಳ್ಳಿ.) ಲೆಕ್ಕ ಹಾಕಿ. ಆ ಗಾಡಿ ಇದ್ದ ಹಾಗೇ ಇದ್ದಿದ್ರೆ 2018ಕ್ಕೇ 50 ತುಂಬ್ತಿತ್ತು. ತಾನಾಗೇ ವಿಂಟೇಜ್ ಆಗ್ತಿತ್ತು. 1942 ಅಂತ ವೇಷ ಹಾಕೋಕೆ ಹೋಗಿ ಬಾಡಿ ಕತ್ತರಿಸಿದ್ರು, ಇಂಜಿನ್ ಬದಲಿಸಿದ್ರು. ಈಗ ಅದು 1942ರದ್ದೂ ಅಲ್ಲ, 1968ರದ್ದೂ ಅಲ್ಲ. ಸುಳ್ಳು ಹೇಳೋಕೆ ಒಂದು ನಿಜವಾದ ಹಳೇ ಗಾಡೀನ ಕೊಂದ್ರು. ನನಗೆ ಉರಿಯೋದು ಏಳು ಲಕ್ಷಕ್ಕಲ್ಲ, ಇದಕ್ಕೆ.

ರೋಡಿಗೆ ಇಳಿಸಿದ್ರೂ ತೊಂದರೇನೇ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹಾಗಂತ ಬದಲಿ ಪಾರ್ಟ್ ಹಾಕೋದು ತಪ್ಪು ಅಂತ ನಾನು ಹೇಳ್ತಿಲ್ಲ. ಈ ವಿಷಯದಲ್ಲಿ "ಪ್ಯೂರಿಸ್ಟ್" ಅಣ್ಣಂದಿರ ಜೊತೆ ನನಗೆ ಜಗಳ ಇದೆ. 80 ವರ್ಷ ಓಡಿದ ಗಾಡಿ ನಮ್ಮ ಮೆಕ್ಯಾನಿಕ್‌ಗಳ ಕೈಯಿಂದಲೇ ಬದುಕಿದ್ದು. ಬುಷ್ ಸವೆದ್ರೆ ಅಮೆರಿಕಕ್ಕೆ ಯಾರು ಹೋಗ್ತಿದ್ರು? ಹರಿಹರಕ್ಕೇ ಬರ್ತಿದ್ರು. ನನ್ನ ಕೇಳಿದ್ರೆ, ಯಾವನಾದ್ರೂ "ನಟ್ಟು ಬೋಲ್ಟು ಸಮೇತ ಒರಿಜಿನಲ್" ಅಂದ್ರೆ ಅಲ್ಲೇ ಅನುಮಾನ ಶುರುವಾಗಬೇಕು. ಹೊಸದಾಗಿ ಎಫ್ ಒತ್ತಿದ ಬೋಲ್ಟು ದುಡ್ಡು ಕೊಟ್ರೆ ಸಿಗುತ್ತೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಆರ್ಡರ್ ಕೊಟ್ರೆ ಪೂರ್ತಿ ಓಪನ್ ಜೀಪನ್ನೇ ಕಟ್ಟಿಕೊಡ್ತಾರೆ. ನಂಬಬೇಕಾದೋನು ಯಾರು ಅಂದ್ರೆ "ಚಾಸಿ ಇದರದ್ದೇ, ಗೇರ್‌ಬಾಕ್ಸ್ ಬೇರೆದು, ಫ್ಲೋರ್ ಶೀಟು ನಾವು ಹಾಕಿಸಿದ್ದು, ಬಿಲ್ ಇಲ್ಲಿದೆ" ಅನ್ನೋನು. ಡಿಸ್‌ಕ್ಲೋಷರ್ ಅಂತ ಪರೀಕ್ಷೆಗೆ ಬರೀತೀವಲ್ಲ, ಅಷ್ಟೇ ಕಣ್ರೋ.

ಮಾವ ಏಳು ಲಕ್ಷ ಕೊಡಲಿಲ್ಲ. "ಮಹೀಂದ್ರ ರೇಟಿಗೆ ಕೊಡ್ತೀಯಾ?" ಅಂತ ಕೇಳಿದ್ರು, ಅವನು ನಕ್ಕ. ತಿಂಗಳಾದ ಮೇಲೆ ಅದೇ ಜೀಪು ಆ ರೀಲ್‌ನಲ್ಲಿ, ಇನ್ಯಾರದೋ ಮನೆ ಮುಂದೆ, ಬಾನೆಟ್ ಮೇಲೆ ಹೂವಿನ ಹಾರ. ಕೊಂಡೋರಿಗೆ ಗೊತ್ತಾಗಲಿ ಅಂತಲೇ ಕಾಮೆಂಟ್ ಹಾಕಿದ್ದು. ಬ್ಲಾಕ್ ಮಾಡಿದ್ದು ಅವರೋ, ಮಾರಿದೋನೋ ಗೊತ್ತಿಲ್ಲ.

ಶೆಡ್ಡಿಂದ ಹೊರಡೋವಾಗ ಮೂಲೇಲಿ ತುಕ್ಕು ಹಿಡಿದ ತಗಡಿನ ರಾಶಿ ಕಾಣಿಸ್ತು. ಮಾವ ಎಳೆದು ನೋಡಿದ್ರು. ಎತ್ತರದ ಬಾನೆಟ್ಟು, ಜೊತೆಗೆ ಗ್ರಿಲ್ಲು. ಯುದ್ಧದ ಜೀಪಿಗೆ ಒಂಬತ್ತು ಸೀಳು, ಇದಕ್ಕೆ ಏಳು. "ಅದು ಗುಜರಿ, ಬೇಕಾದ್ರೆ ಕೆಜಿ ಲೆಕ್ಕದಲ್ಲಿ ತಗೊಂಡು ಹೋಗಿ" ಅಂದ. ಗ್ರಿಲ್ಲನ್ನ ತೂಕ ಹಾಕಿಸಿ ಬೈಕ್ ಹಿಂದೆ ಕಟ್ಕೊಂಡು ಬಂದ್ವಿ. ಈಗ ಲೇಥ್ ಪಕ್ಕ ಗೋಡೆಗೆ ಒರಗಿಸಿಟ್ಟಿದ್ದಾರೆ, ಕೊನೇ ಫೋಟೊ ಅದೇ. ಬಣ್ಣ ಹೊಡೀಬೇಡ ಅಂತ ನನಗೆ ಆರ್ಡರ್ ಆಗಿದೆ.