ಹಳ್ಳದ ದಂಡೆ ಯಾರ ಪಾಲಿಗೆ?
ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ ವಿಜಯಪುರ ಜಿಲ್ಲೆ ದಾಟಿ ಕೃಷ್ಣೆ ಸೇರುವ ಡೋಣಿ ಬೇಸಿಗೆಯಲ್ಲಿ ಬರೀ ಒಣ ಪಾತ್ರ, ದೊಡ್ಡ ಮಳೆಗೆ ಹೊಲ ನುಂಗುವ ಹೊಳೆ. ನೀರಿಗಾಗಿ ಕರ್ನಾಟಕ ಸೇರುತ್ತೇವೆಂದು ಠರಾವು ಮಾಡಿದ್ದ ಹಳ್ಳಿಗಳಿರುವುದೂ ಇದೇ ಜತ್ತ ತಾಲೂಕಿನಲ್ಲಿ. 2022ರಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವನ್ನು ನೆನಪಿಸಿದಾಗ ದೊಡ್ಡ ಗದ್ದಲವೇ ಎದ್ದಿತ್ತು. ಆದರೆ ಸುರಿದ ಮಳೆ ನಿಲ್ಲಬೇಕಾದ ಹಳ್ಳದ ದಂಡೆಯ ಬಗ್ಗೆ ಯಾರೂ ಗದ್ದಲ ಮಾಡುವುದಿಲ್ಲ. ಆ ದಂಡೆ ಉಳಿಸಲು ಒಂದು ದಾರಿಯಿದೆ: ಮಹಾರಾಷ್ಟ್ರದ 2020ರ ಏಕೀಕೃತ ಕಟ್ಟಡ ನಿಯಮದಂತೆ ದೊಡ್ಡ ಬಡಾವಣೆಗಳು ಶೇ 10ರಷ್ಟು ಬಯಲು ಬಿಡಬೇಕು. ಸಾಮಾನ್ಯವಾಗಿ ಬಿಡುವುದು ಮಾರಾಟವಾಗದ ಮೂಲೆಯನ್ನು! ಜತ್ತ ತಾಲೂಕಿನ ದರಿಬಡಚಿಯಂಥ ಊರಿಗೆ ಪ್ಲಾಟು ಬಂದರೆ ಆ ಪಾಲು ಹಳ್ಳದಗುಂಟ ಇರಲಿ: ಬೇವು, ಹುಣಸೆ, ದನಕ್ಕೂ ಜನಕ್ಕೂ ಒಂದು ಕಾಲುದಾರಿ. ಹುಲ್ಲುಹಾಸು, ಕಾರಂಜಿಗೆ ಇಲ್ಲಿ ನೀರೆಲ್ಲಿದೆ? ಪಂಚಾಯಿತಿ ಇದನ್ನು ಕೇಳಬೇಕಾದದ್ದು ನಕ್ಷೆ ಮಂಜೂರಾಗುವ ಮೊದಲು.